‘ಯಾರ ಪೈಕಿ?’ ಎಂದು ಕೇಳುವ ಕಾರು



ಕಳೆದ ಸಂಚಿಕೆಯಲ್ಲಿ ಮಳೆಗಾಲದಲ್ಲಿ ಉಪ್ಪಿನಕಾಯಿಗೆ ಬೂಷ್ಟು ಹಿಡಿಯದಂತೆ ಏನು ಮಾಡಬೇಕೆಂದು ಬರೆದಿದ್ದೆ. ಈ ಸಲ ಕಾರಿನ ಬಗ್ಗೆ ಬರೆಯುತ್ತೇನೆಂದು ಹೇಳಿದಾಗ ನಮ್ಮ ಮಹಿಳಾ ವಿಭಾಗದ ಗೆಳತಿಯೊಬ್ಬರು, “ಸೌಟು ಬಿಟ್ಟು ಪಾನಾ ಹಿಡಿದ್ರೇನ್ರಿ?” ಎಂದು ನಕ್ಕರು. ನಗಲಿ ಬಿಡಿ. ಆದರೆ ಪೂರ್ತಿ ಓದಿ, ಓದಿದ ಮೇಲೆ ಎದ್ದು ಹೋಗಿ ನಿಮ್ಮ ಮನೆಯ ಕೀಲಿಕೈ ಗೊಂಚಲನ್ನು ಒಮ್ಮೆ ನೋಡಿ. ನಾನು ಕೇಳುವುದು ಇಷ್ಟೇ.

2024ರ ಜುಲೈ ತಿಂಗಳ ಒಂದು ರಾತ್ರಿ. ಡೊಂಬಿವಲಿಯಲ್ಲಿ ಆಕಾಶಕ್ಕೆ ತೂತು ಬಿದ್ದಂಥ ಮಳೆ. ರಾತ್ರಿ ಎರಡೂವರೆಗೆ ನಮ್ಮ ಅತ್ತೆಯವರಿಗೆ ಉಬ್ಬಸ ಜೋರಾಯಿತು. ಎಂಬತ್ತೆರಡರ ಜೀವ. ಪಂಪು ಹಾಕಿದ್ದಾಯಿತು, ಬೆನ್ನು ನೀವಿದ್ದಾಯಿತು, ಬಿಸಿನೀರು ಕೊಟ್ಟಿದ್ದಾಯಿತು. ತುಟಿಯ ಬಣ್ಣ ತಿರುಗುವುದನ್ನು ಕಂಡು ನನ್ನ ಕೈಕಾಲು ತಣ್ಣಗಾದವು. “ಕಾರ್ ತಗೀರಿ” ಎಂದೆ. ನಮ್ಮವರು ಲುಂಗಿಯ ಮೇಲೇ ಕೆಳಗೆ ಓಡಿದರು. ನಾನೂ ಕೆಳಮನೆಯ ಮರಾಠಿ ಹುಡುಗನೂ ಸೇರಿ ಅತ್ತೆಯವರನ್ನು ಕುರ್ಚಿಯಲ್ಲಿ ಕೂಡಿಸಿ ಎರಡು ಮಹಡಿ ಇಳಿಸಿ ತಂದು ಕಾರಿನ ಹಿಂದಿನ ಸೀಟಿನಲ್ಲಿ ಒರಗಿಸಿದೆವು.

ನಮ್ಮವರು ಕೀಲಿಕೈ ತಿರುಗಿಸಿದರು. ಎಂಜಿನ್ ಗುರ್ ಗುರ್ ಎಂದು ತಿರುಗಿತು, ಆದರೆ ಹಿಡಿಯಲಿಲ್ಲ. ಮತ್ತೊಮ್ಮೆ ತಿರುಗಿಸಿದರು. ಅದೇ ಕಥೆ. “ಏನ್ ಆಗೇದ ಇದಕ್ಕ? ಮುಂಜಾನೆ ಛಲೋನ ಇತ್ತಲ್ಲ!” ಎಂದು ಸ್ಟಿಯರಿಂಗಿಗೆ ಗುದ್ದಿದರು. ಮುಂದಿನ ಫಲಕದಲ್ಲಿ ಕಾರಿನ ಮೇಲೆ ಕೀಲಿಕೈ ಬರೆದಂಥ ಒಂದು ಪುಟ್ಟ ಕೆಂಪು ದೀಪ ಮಿಣಮಿಣ ಎನ್ನುತ್ತಿತ್ತು. ನಾನು ನೋಡಿದೆ, ಅವರೂ ನೋಡಿದರು. ಅದೇನು ಹೇಳುತ್ತಿದೆ ಎಂದು ಇಬ್ಬರಿಗೂ ತಿಳಿಯಲಿಲ್ಲ.

ವಾಚಮನ್ ಬಂದ, ಮೇಲಿನ ಮನೆಯವರು ಬಂದರು. “ಧಕ್ಕಾ ಮಾರೋಣ” ಎಂದರು. ಮಳೆಯಲ್ಲಿ ನಾಲ್ಕು ಜನ ಸೇರಿ ಗೇಟಿನವರೆಗೂ ತಳ್ಳಿದರು, ಮತ್ತೆ ಹಿಂದಕ್ಕೆ ತಳ್ಳಿದರು. ಕಾರು ಮಾತ್ರ ಮುನಿಸಿಕೊಂಡ ಮಗುವಿನಂತೆ ಜಪ್ಪಯ್ಯ ಎನ್ನಲಿಲ್ಲ. ಕೊನೆಗೆ ಕೆಳಮನೆಯ ಹುಡುಗನೇ ಸ್ಟೇಷನ್ನಿನವರೆಗೆ ಓಡಿ ಒಂದು ರಿಕ್ಷಾ ತಂದ. ಗಡಿಯಾರ ನೋಡಿದರೆ ಇಪ್ಪತ್ತೈದು ನಿಮಿಷ ಹೋಗಿತ್ತು. ಆಸ್ಪತ್ರೆಯಲ್ಲಿ ಆಮ್ಲಜನಕದ ಮುಖವಾಡ ಹಾಕುತ್ತಾ ಡಾಕ್ಟರು ಕೇಳಿದ ಮೊದಲ ಮಾತು, “ಇಷ್ಟು ತಡ ಯಾಕೆ ಮಾಡಿದಿರಿ?” ಆ ಪ್ರಶ್ನೆಗೆ ಉತ್ತರವಾಗಿ ಒಂದು ಕಾರಿನ ಹೆಸರು ಹೇಳಲು ನನಗೆ ನಾಚಿಕೆಯಾಯಿತು.

ದೇವರ ದಯೆ, ಅತ್ತೆಯವರು ನಾಲ್ಕು ದಿನಕ್ಕೆ ಮನೆಗೆ ಬಂದರು. ಆದರೆ ಮರುದಿನ ಬೆಳಿಗ್ಗೆ ಗ್ಯಾರೇಜಿನ ಹುಡುಗ ಬಂದು ಮಾಡಿದ ಕೆಲಸವನ್ನು ನೀವು ಕೇಳಬೇಕು. ಬಾನೆಟ್ ಎತ್ತುವ ಮೊದಲು ಕೈ ಚಾಚಿ ಕೀಲಿಕೈ ಕೇಳಿದ. ನೋಡಿದ, ನಕ್ಕ. ಗೊಂಚಲಿನಿಂದ ಒಂದು ಕೀಲಿಕೈಯನ್ನು ಬಿಚ್ಚಿ ನನ್ನ ಕೈಗಿಟ್ಟ. ರಾತ್ರಿಯೆಲ್ಲ ತಿರುಗಿಸಿ ತಿರುಗಿಸಿ ಬ್ಯಾಟರಿಯೂ ಸೋತಿದ್ದರಿಂದ ಇನ್ನೊಂದು ಬ್ಯಾಟರಿಗೆ ವೈರು ಜೋಡಿಸಿದ. ತಿರುಗಿಸಿದ ಕೂಡಲೇ ಕಾರು ಶುರುವಾಯಿತು!

ನಡೆದದ್ದು ಇಷ್ಟು. ಎರಡು ವಾರ ರಜೆಗೆ ಬಂದಿದ್ದ ನಮ್ಮ ಮಗ ಹಿಂದಿನ ಸಂಜೆಯಷ್ಟೇ ಹೈದರಾಬಾದಿಗೆ ಹೊರಟಿದ್ದ. ಹೋಗುವಾಗ ತನ್ನ ಬಳಿಯಿದ್ದ ಎರಡನೆಯ ಕೀಲಿಕೈಯನ್ನು ಅಪ್ಪನ ಕೈಗೆ ಕೊಟ್ಟಿದ್ದ. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಲಾಕರ್ ಕಾಯ್ದ ನಮ್ಮವರು, ಕಳೆದುಹೋಗಬಾರದೆಂಬ ಜಾಗರೂಕತೆಯಿಂದ ಎರಡನ್ನೂ ಒಂದೇ ಉಂಗುರಕ್ಕೆ ಪೋಣಿಸಿಬಿಟ್ಟಿದ್ದರು. ಆ ಜಾಗರೂಕತೆಯೇ ನಮಗೆ ಮುಳುವಾಯಿತು.

ಯಾಕೆ ಎಂದು ತಿಳಿಯುವ ಹಟಕ್ಕೆ ಬಿದ್ದು, ಕಾರಿನ ಜೊತೆ ಬಂದಿದ್ದ ದಪ್ಪ ಕೈಪಿಡಿಯನ್ನು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಓದಿದೆ. ಷೇಕ್ಸ್‌ಪಿಯರನ ನಾಟಕಕ್ಕೆ ಟಿಪ್ಪಣಿ ಬರೆದುಕೊಂಡು ಪಾಸು ಮಾಡಿದ ನನ್ನ ಬಿ.ಎ. ಇಂಗ್ಲಿಷು ಮೂವತ್ತು ವರ್ಷದ ಮೇಲೆ ಹೀಗೆ ಉಪಯೋಗಕ್ಕೆ ಬಂತು. ಆ ಕೆಂಪು ದೀಪದ ಹೆಸರು ಇಮ್ಮೊಬಿಲೈಸರ್ ದೀಪ. ಇಮ್ಮೊಬಿಲೈಸರ್ ಎಂದರೆ ಕದಲದಂತೆ ಮಾಡುವಂಥದ್ದು. ಕಳ್ಳನಿಗೆ ಎಂಜಿನ್ ಶುರುವಾಗದಂತೆ ತಡೆಯುವ ವ್ಯವಸ್ಥೆ.

ನಮ್ಮ ಮದುವೆಮನೆಗಳ ಬಾಗಿಲಲ್ಲಿ ಒಬ್ಬ ಹಿರಿಯರು ಕುಳಿತು, “ಯಾರ ಪೈಕಿ ನೀವು?” ಎಂದು ಕೇಳುತ್ತಾರಲ್ಲ, ಹಾಗೆಯೇ ಇದು. ಕೀಲಿಕೈಯ ಪ್ಲಾಸ್ಟಿಕ್ ತಲೆಯೊಳಗೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ಚಿಪ್ ಇರುತ್ತದೆ. ಕೀಲಿಕೈ ತೂರಿಸುವ ತೂತಿನ ಸುತ್ತ ಬಳೆಯಂತೆ ಒಂದು ತಂತಿಯ ಸುರುಳಿ. ಕೀಲಿಕೈ ತಿರುಗಿಸಿದ ಕ್ಷಣ ಆ ಸುರುಳಿ ಒಂದು ಸಣ್ಣ ರೇಡಿಯೋ ಅಲೆ ಕಳಿಸಿ “ಯಾರ ಪೈಕಿ?” ಎನ್ನುತ್ತದೆ. ಚಿಪ್ ಆ ಅಲೆಯಿಂದಲೇ ಶಕ್ತಿ ಪಡೆದು ತನ್ನ ಗುಟ್ಟಿನ ಸಂಖ್ಯೆ ಹೇಳುತ್ತದೆ. ಲೆಕ್ಕ ಸರಿಬಂದರೆ ಎಂಜಿನ್ನಿಗೆ ಇಂಧನವೂ ಕಿಡಿಯೂ ಸಿಗುತ್ತವೆ. ಇಲ್ಲವಾದರೆ ಇಲ್ಲ. ಕೆಲವು ಕಾರುಗಳಲ್ಲಿ ಎಂಜಿನ್ ತಿರುಗುವುದೇ ಇಲ್ಲ, ಕೆಲವುಗಳಲ್ಲಿ ತಿರುಗಿ ಹಿಡಿಯುವುದಿಲ್ಲ, ಇನ್ನು ಕೆಲವುಗಳಲ್ಲಿ ಒಂದೆರಡು ಸೆಕೆಂಡು ಶುರುವಾಗಿ ನಿಂತುಬಿಡುತ್ತದೆ. ನಮ್ಮ ಗೊಂಚಲಿನಲ್ಲಿ ಅಕ್ಕಪಕ್ಕ ಎರಡು ಚಿಪ್‌ಗಳು ಕುಳಿತು ಒಟ್ಟಿಗೇ ಉತ್ತರ ಹೇಳಿದವು. ಗದ್ದಲದಲ್ಲಿ ಕಾರಿಗೆ ಒಂದರ ಮಾತೂ ಕೇಳಿಸಲಿಲ್ಲ, ಎರಡನ್ನೂ ಕಳ್ಳರೆಂದು ತಿಳಿಯಿತು.

ಧಕ್ಕಾ ಮಾರಿದ್ದು ಯಾಕೆ ವ್ಯರ್ಥವಾಯಿತು ಎಂಬುದೂ ಆಗ ಗೊತ್ತಾಯಿತು. ತೊಂಬತ್ತರ ದಶಕದಲ್ಲಿ ನಮ್ಮಲ್ಲಿ ಒಂದು ಹಳೆಯ ಪ್ರೀಮಿಯರ್ ಪದ್ಮಿನಿ ಇತ್ತು. ಅದೇ ಗಾಡಿಯ ಕರಿ-ಹಳದಿ ಟ್ಯಾಕ್ಸಿಗಳು 2023ರ ಅಕ್ಟೋಬರಿನಲ್ಲಿ ಮುಂಬಯಿಯ ರಸ್ತೆಗಳಿಗೆ ವಿದಾಯ ಹೇಳಿದವು. ನಮ್ಮ ಪದ್ಮಿನಿಯನ್ನು ಮಳೆಗಾಲದಲ್ಲಿ ತಳ್ಳಿದಷ್ಟು ನಾವು ಮಕ್ಕಳ ತೊಟ್ಟಿಲನ್ನೂ ತೂಗಿರಲಿಕ್ಕಿಲ್ಲ. ತಳ್ಳಿದರೆ ಅದು ಶುರುವಾಗುತ್ತಿತ್ತು. ಕಳ್ಳರ ಭಯಕ್ಕೆಂದು ಡ್ಯಾಶ್‌ಬೋರ್ಡಿನ ಕೆಳಗೆ ನಮ್ಮವರು ಒಂದು ಗುಪ್ತ ಸ್ವಿಚ್ಚು ಹಾಕಿಸಿದ್ದರು. ಅದು ಎಲ್ಲಿದೆಯೆಂದು ನಮಗೆ ಗೊತ್ತಿತ್ತು. ಇಂದಿನ ಕಾರಿನಲ್ಲಿ ಆ ಸ್ವಿಚ್ಚಿನ ಕೆಲಸವನ್ನು ಕಂಪ್ಯೂಟರು ಮಾಡುತ್ತದೆ. ಅದು ಒಪ್ಪದ ಹೊರತು ಊರೇ ಸೇರಿ ತಳ್ಳಿದರೂ ಎಂಜಿನ್ ಹಿಡಿಯದು.

ಹಾಗೆಂದು ಈ ವ್ಯವಸ್ಥೆಯನ್ನು ಬೈಯುವುದೂ ತಪ್ಪು. ಯುರೋಪಿನಲ್ಲಿ 1998ರಿಂದ, ಆಸ್ಟ್ರೇಲಿಯಾದಲ್ಲಿ 2001ರಿಂದ, ಕೆನಡಾದಲ್ಲಿ 2007ರಿಂದ ಹೊಸ ಕಾರುಗಳಿಗೆ ಇದನ್ನು ಕಡ್ಡಾಯ ಮಾಡಿದರು. ವೈರು ಕಿತ್ತು ವೈರಿಗೆ ತಾಗಿಸಿ ಕಾರು ಒಯ್ಯುತ್ತಿದ್ದ ಕಳ್ಳನ ಹಳೆಯ ವಿದ್ಯೆ ಇದರ ಮುಂದೆ ನಡೆಯುವುದಿಲ್ಲ. ಆದರೆ ಕಾವಲುಗಾರನ ಭಾಷೆ ಯಜಮಾನನಿಗೂ ಗೊತ್ತಿರಬೇಕಲ್ಲವೇ? ನಾವು ಗಡ್ಡಕ್ಕೆ ಬೆಂಕಿ ಬಿದ್ದಾಗ ಬಾವಿ ತೋಡಿದೆವು. ನೀವು ಹಾಗೆ ಮಾಡಬೇಡಿ ಎಂದು ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತೇನೆ.

ಒಂದನೆಯದಾಗಿ, ಕಾರು ಹೇಗೆ ನಿರಾಕರಿಸುತ್ತಿದೆ ಎಂಬುದನ್ನು ಗಮನಿಸಿ. ಕೀಲಿಕೈ ತಿರುಗುವುದೇ ಇಲ್ಲವೇ? ಅದು ಸಾಮಾನ್ಯವಾಗಿ ಸ್ಟಿಯರಿಂಗಿನ ಬೀಗ. ಸ್ಟಿಯರಿಂಗನ್ನು ಅತ್ತಿತ್ತ ಮೆಲ್ಲಗೆ ಅಲುಗಿಸುತ್ತಾ ಕೀಲಿಕೈ ತಿರುಗಿಸಿದರೆ ಬಿಡುತ್ತದೆ. ದೀಪಗಳು ಮಂಕಾಗಿ, ಹಾರ್ನು ಕ್ಷೀಣವಾಗಿ, ಟಕಟಕ ಸದ್ದು ಮಾತ್ರ ಬರುತ್ತಿದೆಯೇ? ಅದು ಬ್ಯಾಟರಿ. ಎಂಜಿನ್ ಜೋರಾಗಿಯೇ ತಿರುಗುತ್ತಿದೆ, ಆದರೆ ಹಿಡಿಯುತ್ತಿಲ್ಲ, ಜೊತೆಗೆ ಕೀಲಿಕೈ ಚಿತ್ರದ ದೀಪ ಮಿಣುಕುತ್ತಿದೆ ಎಂದಾದರೆ ಕಾರು ನಿಮ್ಮ ಗುರುತು ಹಿಡಿದಿಲ್ಲ ಎಂದೇ ತಿಳಿಯಿರಿ. ಆ ದೀಪದ ಚಿತ್ರ ಒಂದೊಂದು ಕಾರಿನಲ್ಲಿ ಒಂದೊಂದು ಬಗೆ. ನಿಮ್ಮ ಕಾರಿನದು ಯಾವುದೆಂದು ಇವತ್ತೇ ಕೈಪಿಡಿಯಲ್ಲಿ ನೋಡಿಕೊಳ್ಳಿ.

ಎರಡನೆಯದಾಗಿ, ಗುರುತು ಹಿಡಿಯದಿದ್ದಾಗ ಮತ್ತೆ ಮತ್ತೆ ತಿರುಗಿಸಿ ಬ್ಯಾಟರಿ ಕೊಲ್ಲಬೇಡಿ. ಕೀಲಿಕೈ ಹೊರತೆಗೆಯಿರಿ. ಗೊಂಚಲಿನಿಂದ ಬಿಡಿಸಿ ಒಂಟಿ ಮಾಡಿ. ಬೇರೆ ಕಾರಿನ, ಸ್ಕೂಟರಿನ ಕೀಲಿಕೈ, ಲೋಹದ ದೊಡ್ಡ ಉಂಗುರ, ಮೊಬೈಲು ಎಲ್ಲವನ್ನೂ ದೂರವಿಡಿ. ಒಂದು ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸಿ. ಆಗಲಿಲ್ಲವೆಂದರೆ ಮನೆಯಲ್ಲಿರುವ ಎರಡನೆಯ ಕೀಲಿಕೈ ತನ್ನಿ. ಅದರಿಂದ ಶುರುವಾದರೆ ತೊಂದರೆ ಮೊದಲ ಕೀಲಿಕೈಯ ಚಿಪ್‌ನಲ್ಲಿದೆ. ಎರಡರಿಂದಲೂ ಆಗದಿದ್ದರೆ ತೊಂದರೆ ಕಾರಿನ ಕಡೆಗಿರುವ ಸಂಭವ ಹೆಚ್ಚು. ಆಗ ಕಂಪನಿಯ ವರ್ಕ್‌ಶಾಪಿಗೆ ಫೋನು ಮಾಡುವುದೇ ಸರಿ.

ಮೂರನೆಯದು, ಬಟನ್ ಒತ್ತಿ ಶುರು ಮಾಡುವ ಕಾರುಗಳವರಿಗೆ. ನಿಮ್ಮ ಕೀಲಿಕೈಯ ಗುಂಡಿಯಂಥ ಸೆಲ್ಲು ಸತ್ತರೆ ಕಾರು ನಿಮ್ಮನ್ನು ಅಪರಿಚಿತರೆನ್ನುತ್ತದೆ. ಹೆದರಬೇಡಿ. ಅದರ ಹೊಟ್ಟೆಯೊಳಗೆ ಸಾಮಾನ್ಯವಾಗಿ ಒಂದು ಸಪೂರ ಲೋಹದ ಕೀಲಿಕೈ ಅಡಗಿರುತ್ತದೆ, ಬಾಗಿಲು ಅದರಿಂದ ತೆರೆಯಿರಿ. ಆಮೇಲೆ ಕ್ಲಚ್ಚನ್ನೋ ಬ್ರೇಕನ್ನೋ ಒತ್ತಿಹಿಡಿದು, ಕೀಲಿಕೈಯನ್ನು ಸ್ಟಾರ್ಟ್ ಬಟನ್ನಿಗೆ ತಾಗಿಸಿ ಬಟನ್ ಒತ್ತಿದರೆ ಬಹಳಷ್ಟು ಕಾರುಗಳು ಶುರುವಾಗುತ್ತವೆ. ಕೆಲವುಗಳಲ್ಲಿ ಕೀಲಿಕೈ ಇಡುವ ಜಾಗ ಬೇರೆ ಇರುತ್ತದೆ. ಇದೂ ಕೈಪಿಡಿಯಲ್ಲಿದೆ. ಹೊಸ ಸೆಲ್ಲು ತರುವಾಗ ಹಳೆಯದರ ಮೇಲಿನ ಸಂಖ್ಯೆ ನೋಡಿ ಅದನ್ನೇ ಕೇಳಿ.

ನಾಲ್ಕನೆಯದು, ರಸ್ತೆ ಬದಿಯಲ್ಲಿ ಅಗ್ಗಕ್ಕೆ ನಕಲು ಕೀಲಿಕೈ ಮಾಡಿಸಿ ನಿಶ್ಚಿಂತರಾಗಬೇಡಿ. ಬರಿಯ ಲೋಹ ಕತ್ತರಿಸಿ ಕೊಟ್ಟರೆ ಅದು ಬಾಗಿಲು ತೆರೆಯುತ್ತದೆ, ಎಂಜಿನ್ ಶುರು ಮಾಡುವುದಿಲ್ಲ. ಚಿಪ್ಪಿರುವ ಹೊಸ ಕೀಲಿಕೈಯನ್ನು ಕಾರಿನ ಕಂಪ್ಯೂಟರಿಗೆ ಪರಿಚಯ ಮಾಡಿಸಬೇಕು. ಎರಡೂ ಅಸಲು ಕಳೆದರೆ ಖರ್ಚು ಬಹಳ. ಕಾರು ಕಳುವಾದರೆ ವಿಮೆಯವರು ಎರಡೂ ಅಸಲು ಕೀಲಿಕೈ ಕೇಳುತ್ತಾರೆ ಎಂಬುದೂ ನೆನಪಿರಲಿ. ಹೊಸ ಕಾರಿನ ಜೊತೆ ಕೀಲಿಕೈಯ ಸಂಖ್ಯೆ ಇರುವ ಪುಟ್ಟ ಬಿಲ್ಲೆ ಕೊಟ್ಟಿದ್ದರೆ ಅದನ್ನು ಕಾರಿನಲ್ಲಿ ಇಡಬೇಡಿ, ಮನೆಯ ಕಪಾಟಿನಲ್ಲಿಡಿ. “ಈ ತಲೆನೋವೇ ಬೇಡ, ಇಮ್ಮೊಬಿಲೈಸರ್ ಕಿತ್ತುಹಾಕಿಬಿಡುತ್ತೇನೆ” ಎನ್ನುವ ಮೆಕ್ಯಾನಿಕ್ಕನಿಗೆ ಕೈಮುಗಿದು ಬಿಡಿ. ನಿಮಗೆ ಸುಲಭವಾದದ್ದು ಕಳ್ಳನಿಗೂ ಸುಲಭವಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಎಲ್ಲಕ್ಕಿಂತ ಮುಖ್ಯವಾದದ್ದು ಉಳಿದಿದೆ. ಇದೆಲ್ಲ ಮಾರುಕಟ್ಟೆಗೆ ಹೊರಟಾಗ, ನೆಂಟರ ಮನೆಗೆ ಹೊರಟಾಗ ಮಾಡುವ ಪರೀಕ್ಷೆ. ಮನೆಯಲ್ಲಿ ಒಬ್ಬರಿಗೆ ಉಸಿರು ಸಿಕ್ಕಿಹಾಕಿಕೊಂಡಾಗ ಕಾರಿನ ಎದುರು ಪಂಚಾಯಿತಿ ಕೂಡಬಾರದು. ಎರಡು ಸಲ ತಿರುಗಿಸಿ ಆಗದಿದ್ದರೆ ಒಬ್ಬರು 108ಕ್ಕೆ ಫೋನು ಮಾಡಬೇಕು, ಇನ್ನೊಬ್ಬರು ರಿಕ್ಷಾಕ್ಕೆ ಓಡಬೇಕು. ನಾವು ಆ ರಾತ್ರಿ ಮಾಡಿದ ದೊಡ್ಡ ತಪ್ಪು ಕೀಲಿಕೈಗಳನ್ನು ಒಂದೇ ಉಂಗುರಕ್ಕೆ ಹಾಕಿದ್ದಲ್ಲ. ಅದು ಯಾರಿಂದಲೂ ಆಗುವ ತಪ್ಪು. ಹಿಂದಿನ ಸೀಟಿನಲ್ಲಿ ಮುದಿಜೀವ ಏದುಸಿರು ಬಿಡುತ್ತಿರುವಾಗ ನಾವೆಲ್ಲ ಇಪ್ಪತ್ತೈದು ನಿಮಿಷ ಕಾರಿನ ಉಪಚಾರ ಮಾಡುತ್ತಾ ನಿಂತೆವಲ್ಲ, ಅದು ನನಗೆ ಇಂದಿಗೂ ಚುಚ್ಚುತ್ತದೆ. ಈಗ ನಮ್ಮ ಮನೆಯ ಫೋನಿನ ಪಕ್ಕದ ಗೋಡೆಯ ಮೇಲೆ 108, ಡಾಕ್ಟರ ನಂಬರು, ಓಣಿಯ ಇಬ್ಬರು ರಿಕ್ಷಾದವರ ನಂಬರು ದಪ್ಪ ಅಕ್ಷರದಲ್ಲಿವೆ. ಒಂದು ಕೀಲಿಕೈ ನಮ್ಮವರ ಜೇಬಿನಲ್ಲಿ, ಇನ್ನೊಂದು ನನ್ನ ಸಾಸಿವೆ ಡಬ್ಬಿಯ ಹಿಂದೆ. ಅಲ್ಲಿಗೆ ಅವರ ಕೈ ಎಂದೂ ಹೋಗುವುದಿಲ್ಲ ಎಂಬ ಭರವಸೆ ನನಗಿದೆ.

ಆಸ್ಪತ್ರೆಯಿಂದ ಬಂದ ಮೇಲೆ ಅತ್ತೆಯವರಿಗೆ ಈ ಚಿಪ್ಪಿನ ಕಥೆಯನ್ನೆಲ್ಲ ವಿವರವಾಗಿ ಹೇಳಿದೆ. ರೊಟ್ಟಿ ಮುರಿಯುತ್ತಾ ಎಲ್ಲವನ್ನೂ ಕೇಳಿ, “ಅಲ್ಲವಾ, ಅದಕ್ಕ ಅಷ್ಟು ಶಾಣ್ಯಾತನ ಅದ ಅಂದ್ರ, ಹಿಂದ ಕೂತ ನನ್ನ ಗುರುತು ಯಾಕ ಹಿಡೀಲಿಲ್ಲ? ಏಳು ವರ್ಷ ಆತು ಅದಕ್ಕ ದಸರಾದಾಗ ನಾನs ಕುಂಕುಮ ಹಚ್ಚತೀನಿ” ಎಂದರು. ನಮ್ಮವರು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡರು.

ನಿಮ್ಮಲ್ಲಿ ಯಾರಿಗಾದರೂ ಇಂಥ ಅನುಭವವಾಗಿದ್ದರೆ ಸಂಪಾದಕರ ವಿಳಾಸಕ್ಕೆ ಬರೆಯಿರಿ, ನಾಲ್ಕು ಮನೆಗೆ ಉಪಯೋಗವಾದೀತು. ಮುಂದಿನ ತಿಂಗಳು ಮತ್ತೆ ಅಡುಗೆಮನೆಗೇ ಮರಳೋಣ. ಅಲ್ಲಿಯವರೆಗೆ ನಮಸ್ಕಾರ. ಅಂದ ಹಾಗೆ, ಗೊಂಚಲು ನೋಡಿಕೊಂಡಿರಾ?