ಮಾತ್ರೆಯ ಮೂಲವಸ್ತು: ಉದ್ಯೋಗದ ಜತೆ ನೀರಿನ ಲೆಕ್ಕವೂ ಇರಲಿ

ಕುಂದಾಪುರ: ಮಾತ್ರೆಯಲ್ಲಿ ರೋಗ ಗುಣಪಡಿಸುವ ಅಂಶವೇ ಔಷಧ ಮೂಲವಸ್ತು. ವಿದೇಶಿ ಕಂಪನಿಗಳು ಇದನ್ನು ತಾವೇ ತಯಾರಿಸದೆ, ವಿಧಾನ ಒದಗಿಸಿ ಇತರರಿಂದ ಮಾಡಿಸಿಕೊಳ್ಳುವುದುಂಟು. ಇದೇ ಗುತ್ತಿಗೆ ತಯಾರಿಕೆ. ಇಲ್ಲಿ ಪೇಟೆಂಟ್ ಮತ್ತು ಮಾರುಕಟ್ಟೆ ಕೊಳ್ಳುವವರದು. ದ್ರಾವಕ ಮತ್ತು ತ್ಯಾಜ್ಯದ ಹೊಣೆ ತಯಾರಕರದು.

ಕರಾವಳಿಗೆ ಈ ಉದ್ಯಮ ಹೊಸತಲ್ಲ. ಬೆಂಗಳೂರಿನ ಸಿಂಜೀನ್ ಸಂಸ್ಥೆ ಮಂಗಳೂರು ವಿಶೇಷ ಆರ್ಥಿಕ ವಲಯದಲ್ಲಿ ಇಂತಹ ಘಟಕ ಸ್ಥಾಪಿಸಿದೆ. ಚೀನಾದ ಮೇಲಿನ ಅವಲಂಬನೆ ತಗ್ಗಿಸಲು ಕೇಂದ್ರ ಸರಕಾರ 2020ರಲ್ಲಿ 6,940 ಕೋಟಿ ರೂ.ಗಳ ಪ್ರೋತ್ಸಾಹಧನ ಯೋಜನೆ ಪ್ರಕಟಿಸಿತು. 2022ರಲ್ಲಿ ಮೂರು ಬಲ್ಕ್ ಡ್ರಗ್ ಪಾರ್ಕ್‌ಗಳು ಗುಜರಾತ್, ಹಿಮಾಚಲ ಪ್ರದೇಶ ಮತ್ತು ಆಂಧ್ರಪ್ರದೇಶದ ಪಾಲಾದವು. ಕರ್ನಾಟಕಕ್ಕೆ ಅವಕಾಶ ದೊರೆಯಲಿಲ್ಲ. ಕೆಲವು ಚೀನೀ ಕಂಪನಿಗಳನ್ನು ದೂರವಿಡುವ ಮಸೂದೆಯನ್ನು ಅಮೆರಿಕದ ಕೆಳಮನೆ 2024ರಲ್ಲಿ ಅಂಗೀಕರಿಸಿದ ಬಳಿಕ ಭಾರತೀಯ ತಯಾರಕರ ನಿರೀಕ್ಷೆ ಹೆಚ್ಚಿತು.

ಕುಂದಾಪುರ, ಬೈಂದೂರು, ಬ್ರಹ್ಮಾವರದ ರಸಾಯನಶಾಸ್ತ್ರ ಪದವೀಧರರಿಗೆ ಇದರಿಂದ ಊರಿನ ಸಮೀಪವೇ ಉದ್ಯೋಗ ದೊರೆಯಬಹುದೆಂಬುದು ನಿಜ. ಆದರೆ ಇದು ಗೋಡಂಬಿ ಕಾರ್ಖಾನೆಯಂತೆ ನೂರಾರು ಮಹಿಳೆಯರ ಕೈಗೆ ಕೆಲಸ ಕೊಡುವ ಉದ್ಯಮವಲ್ಲ. ಕೊಳ್ಳುವವರು ಬೇಡಿಕೆ ನಿಲ್ಲಿಸಿದರೆ ಘಟಕವೂ ಬಡವಾಗುತ್ತದೆ.

ಅದಕ್ಕಿಂತ ಗಂಭೀರವಾದುದು ನೀರಿನ ಪ್ರಶ್ನೆ. ಬಲ್ಕ್ ಡ್ರಗ್ ತಯಾರಿಕೆ ಮಾಲಿನ್ಯದ ದೃಷ್ಟಿಯಿಂದ ‘ಕೆಂಪು’ ವರ್ಗಕ್ಕೆ ಸೇರಿದೆ. ಆದರೂ 2020ರ ಮಾರ್ಚ್‌ನಲ್ಲಿ ಪರಿಸರ ಅನುಮತಿಯ ನಿಯಮ ಸಡಿಲಿಸಿ, ಇಂತಹ ಯೋಜನೆಗಳನ್ನು ಸಾರ್ವಜನಿಕ ಅಹವಾಲು ಸಭೆ ಅಗತ್ಯವಿಲ್ಲದ ವರ್ಗಕ್ಕೆ ತಾತ್ಕಾಲಿಕವಾಗಿ ಸೇರಿಸಲಾಯಿತು. ಈ ಅವಧಿ 2021ರಲ್ಲಿಯೂ ಮುಂದುವರಿಯಿತು. ತ್ಯಾಜ್ಯನೀರಿನಲ್ಲಿ ಪ್ರತಿಜೀವಕ ಅಂಶಕ್ಕೆ ಮಿತಿ ಹಾಕುವ ಪ್ರಸ್ತಾವ 2020ರ ಜನವರಿಯ ಕರಡಿನಲ್ಲಿತ್ತು. 2021ರ ಆಗಸ್ಟ್‌ನ ಅಂತಿಮ ಅಧಿಸೂಚನೆಯಲ್ಲಿ ಅದು ಉಳಿಯಲಿಲ್ಲ. ಇಂತಹ ಅಂಶ ನೀರು ಸೇರಿದರೆ ಔಷಧಕ್ಕೆ ಬಗ್ಗದ ರೋಗಾಣುಗಳು ಬೆಳೆಯುವ ಅಪಾಯವಿದೆ.

ಪಂಚಗಂಗಾವಳಿಯಲ್ಲಿ ಸೌಪರ್ಣಿಕಾ, ವಾರಾಹಿ ಮೊದಲಾದ ಐದು ನದಿಗಳು ಕೂಡಿ ಗಂಗೊಳ್ಳಿಯ ಬಳಿ ಕಡಲು ಸೇರುತ್ತವೆ. ಬ್ರಹ್ಮಾವರದ ಬದುಕು ಸೀತಾ, ಸ್ವರ್ಣಾ ನದಿಗಳನ್ನು ಆಶ್ರಯಿಸಿದೆ. ಅಳಿವೆಯ ಮೀನು, ಗದ್ದೆ, ಕುಡಿಯುವ ಬಾವಿ ಎಲ್ಲವೂ ಈ ನೀರಿಗೆ ಅಂಟಿಕೊಂಡಿವೆ.

ಆದ್ದರಿಂದ ಉದ್ಯಮವನ್ನು ಕುರುಡಾಗಿ ಸ್ವಾಗತಿಸುವುದೂ ಬೇಡ, ಕುರುಡಾಗಿ ವಿರೋಧಿಸುವುದೂ ಬೇಡ. ಇಂತಹ ಯೋಜನೆಗೆ ಭೂಮಿ ನೀಡುವ ಮೊದಲೇ ಮೂರು ಪ್ರಶ್ನೆಗಳಿಗೆ ಲಿಖಿತ ಉತ್ತರ ಬೇಕು. ನೀರು ಯಾವ ನದಿಯಿಂದ, ಎಷ್ಟು? ತ್ಯಾಜ್ಯ ಎಲ್ಲಿಗೆ? ಅದರ ಪರೀಕ್ಷಾ ವರದಿ ಗ್ರಾಮಸಭೆಯ ಮುಂದೆ ಬರುವುದೇ? ಔಷಧದ ಗುಣಮಟ್ಟ ನೋಡಲು ಅಮೆರಿಕದಿಂದ ತನಿಖಾಧಿಕಾರಿಗಳು ಬರುತ್ತಾರೆ. ನಮ್ಮ ಹೊಳೆಯ ಗುಣಮಟ್ಟವನ್ನು ನಾವೇ ಕೇಳಬೇಕು.