ತೋಟದ ಗಾಡಿಗೆ ತಕ್ಕ ಶಾಕ್

ಮೂಡಿಗೆರೆಯ ಕಡೆಯ ಒಂದು ಕಾಫಿ ತೋಟದ ಮನೆಯನ್ನು ಊಹಿಸಿಕೊಳ್ಳಬಹುದು. ಅಂಗಳದಲ್ಲಿ ಒಂದು ಪಿಕಪ್ಪು ನಿಂತಿದೆ. ಮುಂಭಾಗದಲ್ಲಿ ಐದು ಮಂದಿ ಕೂರುವಷ್ಟು ಸ್ಥಳ. ಹಿಂದೆ ಸಾಮಾನು ಹೇರುವ ತೆರೆದ ಬಾಡಿ. ವಾರದ ಆರು ದಿನವೂ ಅದು ಗೊಬ್ಬರದ ಚೀಲ, ಕಾಫಿಯ ಮೂಟೆಗಳನ್ನು ಹೊತ್ತು ತೋಟದ ಕಲ್ಲುದಾರಿಯಲ್ಲಿ ಏರಿಳಿಯುತ್ತದೆ. ಭಾನುವಾರ ಬಂತೆಂದರೆ ಅದೇ ಗಾಡಿಯಲ್ಲಿ ಮನೆಮಂದಿಯೆಲ್ಲ ಚಾರ್ಮಾಡಿ ಘಟ್ಟವನ್ನಿಳಿದು ಮಂಗಳೂರಿಗೆ ಹೊರಡುತ್ತಾರೆ.

ಈಚೆಗೆ ಆ ಪ್ರಯಾಣ ಯಾರಿಗೂ ಹಿತವಾಗುತ್ತಿಲ್ಲ. ಬ್ರೇಕು ಒತ್ತಿದಾಗ ಗಾಡಿ ಮೂಗು ಬಗ್ಗಿಸುತ್ತದೆ. ತಿರುವಿನಲ್ಲಿ ಒಂದು ಪಕ್ಕಕ್ಕೆ ವಾಲಿ, ನೇರವಾದ ಮೇಲೂ ಒಂದೆರಡು ಸಲ ಓಲಾಡುತ್ತದೆ. ಮಕ್ಕಳಿಗೆ ವಾಂತಿ. ಇನ್ನು ಮುಂದೆ ತಾವು ಬಸ್ಸಿನಲ್ಲಿಯೇ ಬರುವುದಾಗಿ ಅಜ್ಜಿ ಹೇಳಿಬಿಟ್ಟಿದ್ದಾರೆ. ಶಾಕ್ ಅಬ್ಸಾರ್ಬರ್ ಬದಲಾಯಿಸಬೇಕೆಂದು ಮೆಕ್ಯಾನಿಕ್ಕು ಹೇಳಿದ. ಯಜಮಾನರು ಅಂಗಡಿಗೆ ಹೋದರೆ ಅಲ್ಲಿ ಹತ್ತು ಬಗೆ. ಬೆಲೆಯಲ್ಲಿ ಒಂದಕ್ಕೂ ಇನ್ನೊಂದಕ್ಕೂ ಅಜಗಜಾಂತರ. ಯಾವುದು ಗಟ್ಟಿಯೋ ಅದನ್ನೇ ಕೊಡಿ ಎಂದು ಕೇಳುವವರೇ ಹೆಚ್ಚು. ಎಡವುವುದು ಬಹುಮಟ್ಟಿಗೆ ಅಲ್ಲಿಯೇ.

ಗಾಡಿಯ ಭಾರವನ್ನು ಹೊರುವುದು ಶಾಕ್ ಅಲ್ಲ, ಸ್ಪ್ರಿಂಗು. ಇಂದಿನ ಪಿಕಪ್ಪುಗಳಲ್ಲಿ ಸಾಮಾನ್ಯವಾಗಿ ಮುಂದೆ ಸುರುಳಿ ಸ್ಪ್ರಿಂಗು, ಹಿಂದೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗು. 2016ರಿಂದ ಭಾರತದಲ್ಲಿ ಮಾರಾಟಕ್ಕೆ ಬಂದ ಇಸುಜು ವಿ-ಕ್ರಾಸ್, 2022ರಲ್ಲಿ ಬಂದ ಟೊಯೋಟ ಹೈಲಕ್ಸ್ ಎರಡರಲ್ಲಿಯೂ ಇದೇ ಏರ್ಪಾಡು. ಚಕ್ರ ಕಲ್ಲಿನ ಮೇಲೆ ಹತ್ತಿದಾಗ ಸ್ಪ್ರಿಂಗು ಅದುಮಿಕೊಂಡು ಪೆಟ್ಟನ್ನು ನುಂಗುತ್ತದೆ. ಆದರೆ ನುಂಗಿದ್ದನ್ನು ಹಿಂದಕ್ಕೆ ಕೊಡದೆ ಇರುವುದು ಅದರ ಸ್ವಭಾವವಲ್ಲ. ಮತ್ತೆ ಮತ್ತೆ ಪುಟಿಯುತ್ತದೆ. ಆ ಪುಟಿತವನ್ನು ಅಡಗಿಸುವುದೇ ಶಾಕಿನ ಕೆಲಸ. ಅದರೊಳಗೆ ಎಣ್ಣೆ ತುಂಬಿದ ಕೊಳವೆ, ಕೊಳವೆಯಲ್ಲಿ ಓಡಾಡುವ ಪಿಸ್ಟನ್, ಪಿಸ್ಟನ್ನಿನಲ್ಲಿ ಸಣ್ಣ ಕಿಂಡಿಗಳು. ಕಿಂಡಿಗಳ ಮೂಲಕ ಎಣ್ಣೆ ತಿಣುಕಿ ನುಸುಳುವಾಗ ಚಲನೆಯೆಲ್ಲ ಶಾಖವಾಗಿ ಮಾರ್ಪಟ್ಟು ಗಾಳಿಗೆ ಹೋಗುತ್ತದೆ. ಹಿಂದಿನ ಕಾಲದ ಸ್ಪ್ರಿಂಗುಳ್ಳ ಕುದುರೆಗಾಡಿಗೆ ಶಾಕ್ ಎಲ್ಲಿತ್ತು ಎಂದು ಕೆಲವರು ಕೇಳುವುದುಂಟು. ಪಟ್ಟಿಗಳು ಒಂದನ್ನೊಂದು ತಿಕ್ಕಿಕೊಳ್ಳುವುದರಿಂದ ಪುಟಿತ ತಕ್ಕಮಟ್ಟಿಗೆ ತಾನಾಗಿಯೇ ಅಡಗುತ್ತಿತ್ತು. ಕುದುರೆಯ ವೇಗಕ್ಕೆ ಅಷ್ಟು ಸಾಕಾಗಿತ್ತು.

ಆದುದರಿಂದ ಹಣ ತೆರುವ ಮೊದಲು ದೋಷ ಯಾವುದರದೆಂದು ನೋಡತಕ್ಕದ್ದು. ಹೇರು ಇಲ್ಲದಿದ್ದರೂ ಗಾಡಿಯ ಹಿಂಭಾಗ ಕುಸಿದು ನಿಂತಿದ್ದರೆ ಅದು ಸ್ಪ್ರಿಂಗಿನ ದಣಿವು. ಎಷ್ಟು ಬೆಲೆಯ ಮಾಮೂಲಿ ಶಾಕ್ ಹಾಕಿದರೂ ಅದು ಮೇಲೇಳದು. ಕಲ್ಲಿನ ಮೇಲೆ ಟಕಟಕ ಸದ್ದು ಕೇಳಿದರೆ ಮೊದಲು ಸವೆದ ರಬ್ಬರ್ ಬುಷ್ಷುಗಳನ್ನು ಸಂಶಯಿಸಬೇಕು. ಖಾಲಿ ಪಿಕಪ್ಪಿನ ಹಿಂಬದಿ ಎತ್ತಿಹಾಕಿದರೆ ಟೈರಿನ ಗಾಳಿಯನ್ನು ಅಳೆಯಬೇಕು. ಹೇರಿಗೆಂದು ತುಂಬಿಸಿದ ಗಾಳಿಯನ್ನು ಇಳಿಸದೆ ಭಾನುವಾರವೂ ಓಡಿಸುವವರು ಕಡಿಮೆಯಿಲ್ಲ. ಶಾಕಿನ ದೋಷಕ್ಕೆ ಗುರುತುಗಳು ಬೇರೆ. ಅದರ ಮೈಮೇಲೆ ಎಣ್ಣೆಯ ತೆಳುವಾದ ಪಸೆ ಇದ್ದರೆ ಗಾಬರಿಯಿಲ್ಲ. ಎಣ್ಣೆ ಇಳಿದು ಕೆಸರು ಮೆತ್ತಿಕೊಂಡಿದ್ದರೆ ಸೀಲು ಹೋಗಿದೆ. ಟೈರಿನ ಮೇಲ್ಮೈ ಅಲ್ಲಲ್ಲಿ ಬಟ್ಟಲಿನಂತೆ ಸವೆದಿದ್ದರೆ ಚಕ್ರ ನೆಲಕ್ಕಂಟದೆ ಕುಪ್ಪಳಿಸುತ್ತಿದೆ ಎಂದು ತಿಳಿಯಬಹುದು. ಮೂಲೆಯನ್ನು ಒತ್ತಿ ಬಿಟ್ಟು ಪರೀಕ್ಷಿಸುವ ವಾಡಿಕೆ ಕಾರಿಗೆ ಸರಿ. ಪಿಕಪ್ಪಿನ ಹಿಂದಿನ ಸ್ಪ್ರಿಂಗು ಕೈಬಲಕ್ಕೆ ಬಗ್ಗುವಂಥದಲ್ಲ.

ಚಕ್ರ ಕುಪ್ಪಳಿಸುವುದೆಂದರೆ ಅದು ಬರಿಯ ಸುಖದ ಪ್ರಶ್ನೆಯಲ್ಲ. ನೆಲ ಬಿಟ್ಟ ಚಕ್ರಕ್ಕೆ ಬ್ರೇಕಿಲ್ಲ. ಮಳೆಗಾಲದಲ್ಲಿ ಚಾರ್ಮಾಡಿಯ ತಿರುವಿನಲ್ಲಿ ಎದುರಿಗೆ ಬಸ್ಸು ಬಂದಾಗ ಇದರ ಅರ್ಥ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಬಗೆಗಳ ವಿಚಾರ. ಎಲ್ಲಕ್ಕಿಂತ ಅಗ್ಗವಾದದ್ದು ಜೋಡಿ ಕೊಳವೆಯ ಎಣ್ಣೆ ಶಾಕ್. ಒಳಗಿನ ಕೊಳವೆಯಲ್ಲಿ ಪಿಸ್ಟನ್, ಹೊರಗಿನ ಕೊಳವೆಯಲ್ಲಿ ಹೆಚ್ಚಿನ ಎಣ್ಣೆಯೂ ಒಂದಿಷ್ಟು ಗಾಳಿಯೂ ಇರುತ್ತವೆ. ಒರಟು ರಸ್ತೆಯಲ್ಲಿ ಬಹಳ ಹೊತ್ತು ಕುಲುಕಿದರೆ ಎಣ್ಣೆಗೂ ಗಾಳಿಗೂ ಬೆರೆತು, ಮಜ್ಜಿಗೆ ಕಡೆದಂತೆ ನೊರೆಯೇಳುತ್ತದೆ. ನೊರೆಗೆ ತಡೆಯುವ ಶಕ್ತಿ ಎಲ್ಲಿಯದು? ಗಾಡಿ ತೇಲಾಡತೊಡಗುತ್ತದೆ, ಆರಿದ ಮೇಲೆ ಮತ್ತೆ ಸರಿಹೋಗುತ್ತದೆ. ಇದೇ ಜೋಡಿ ಕೊಳವೆಯಲ್ಲಿ ಗಾಳಿಯ ಬದಲು ಕಡಿಮೆ ಒತ್ತಡದ ನೈಟ್ರೋಜನ್ ತುಂಬಿದರೆ ನೊರೆ ಬಹಳಷ್ಟು ತಗ್ಗುತ್ತದೆ. ಮೂರನೆಯದು ಒಂಟಿ ಕೊಳವೆಯದು. ಇದರಲ್ಲಿ ಎಣ್ಣೆಗೂ ಹೆಚ್ಚು ಒತ್ತಡದ ನೈಟ್ರೋಜನ್ನಿಗೂ ನಡುವೆ ತೇಲುವ ಬಿರಡೆಯೊಂದಿದ್ದು, ಎರಡೂ ಬೆರೆಯುವುದೇ ಇಲ್ಲ. ಫ್ರಾನ್ಸಿನ ಬೂರ್ಸಿಯೆ ದ ಕಾರ್ಬನ್ ರೂಪಿಸಿದ ಈ ತತ್ತ್ವವನ್ನು ಜರ್ಮನಿಯ ಬಿಲ್‌ಸ್ಟೈನ್ ಸಂಸ್ಥೆ 1957ರಲ್ಲಿ ಮರ್ಸಿಡಿಸ್ ಕಾರುಗಳಿಗೆ ಬಳಕೆಗೆ ತಂದಿತು. ಎಣ್ಣೆಯ ಶಾಖ ನೇರವಾಗಿ ಹೊರಮೈಗೆ ಬರುವುದರಿಂದ ಇದು ಬೇಗ ಆರುತ್ತದೆ. ಹೆದ್ದಾರಿಯಲ್ಲಿ ಇದರ ಹಿಡಿತ ಚೊಕ್ಕ. ಆದರೆ ಹೊರಮೈಯೇ ಪಿಸ್ಟನ್ ಓಡುವ ಗೋಡೆಯೂ ಆಗಿರುವುದರಿಂದ, ಕಲ್ಲು ಸಿಡಿದು ಒಂದು ತಗ್ಗು ಬಿದ್ದರೆ ಪಿಸ್ಟನ್ ಅಲ್ಲಿಯೇ ಸಿಕ್ಕಿಕೊಂಡೀತು. ಜೋಡಿ ಕೊಳವೆಯದು ಅಂಥ ಪೆಟ್ಟನ್ನು ಎಷ್ಟೋ ಸಹಿಸುತ್ತದೆ.

ಪಕ್ಕದಲ್ಲಿ ಬೇರೆಯಾಗಿ ಎಣ್ಣೆಯ ಡಬ್ಬಿಯನ್ನು ಕಟ್ಟಿಕೊಂಡಿರುವ ದೊಡ್ಡ ಶಾಕುಗಳೂ ಉಂಟು. ನೋಡಲು ಬಲು ಗಂಭೀರ. ಆಸ್ಟ್ರೇಲಿಯದ ಗಿಬ್ ರಿವರ್ ರಸ್ತೆಯಂಥ ಕಡೆ, ಸುಮಾರು 660 ಕಿಲೋಮೀಟರಿನ ದಾರಿಯ ಬಹುಭಾಗ ಡಾಂಬರಿಲ್ಲದೆ, ತೊಳೆಯುವ ಹಲಗೆಯಂತೆ ಏರುತಗ್ಗಾಗಿರುವಲ್ಲಿ, ದಿನವಿಡೀ ವೇಗವಾಗಿ ಓಡುವ ಗಾಡಿಗೆ ಅದು ನಿಜವಾಗಿಯೂ ಬೇಕು. ಮನೆಯಿಂದ ಗೇಟಿನವರೆಗೆ ಎರಡು ಕಿಲೋಮೀಟರು, ಅದೂ ಎತ್ತಿನ ಗಾಡಿಗಿಂತ ತುಸು ಜೋರಾಗಿ ಹೋಗುವ ತೋಟದ ಪಿಕಪ್ಪಿನ ಎಣ್ಣೆ ಕಾಯುವುದೇ ಇಲ್ಲ.

ಒಳ್ಳೆಯ ಶಾಕಿನ ಗುಣವನ್ನು ಗಟ್ಟಿತನದಿಂದ ಅಳೆಯಲಾಗದು. ಗಾಡಿ ವಾಲುವಾಗ, ಮೂಗು ಬಗ್ಗಿಸುವಾಗ ಪಿಸ್ಟನ್ ನಿಧಾನವಾಗಿ ಚಲಿಸುತ್ತದೆ. ಆಗ ಅದು ಬಿಗಿಯಾಗಿ ಹಿಡಿಯಬೇಕು. ಕಲ್ಲಿಗೆ ಚಕ್ರ ಬಡಿದಾಗ ಪಿಸ್ಟನ್ ಮಿಂಚಿನಂತೆ ಓಡುತ್ತದೆ. ಆಗ ಅದು ದಾರಿ ಬಿಡಬೇಕು. ಈ ಎರಡು ಗುಣಗಳನ್ನು ಹದವಾಗಿ ಕೂಡಿಸಿದ ಕವಾಟಗಳಿಗೇ ಬೆಲೆ ಕೊಡಬೇಕಾದುದು. ಬರಿಯ ಬಿಗಿಯಾದ ಶಾಕನ್ನು ಖಾಲಿ ಪಿಕಪ್ಪಿಗೆ ಹಾಕಿದರೆ, ಒದ್ದೆ ತಿರುವಿನಲ್ಲಿ ಒಂದು ಉಬ್ಬು ಸಿಕ್ಕೊಡನೆ ಹಿಂಬದಿ ಪಕ್ಕಕ್ಕೆ ಜಿಗಿಯುತ್ತದೆ.

ಮೇಲೆ ಹೇಳಿದ ಮನೆಗೆ ಹೊಂದುವುದು ನೈಟ್ರೋಜನ್ ತುಂಬಿದ ಜೋಡಿ ಕೊಳವೆಯ ಶಾಕ್, ತಯಾರಕರು ಹೇಳಿದ ಉದ್ದದ್ದೇ. ಅರ್ಧ ಟನ್ನಿಗೂ ಮೀರಿ ದಿನವೂ ಹೇರುವುದಾದರೆ ಹಿಂದಿನ ಜೋಡಿಯನ್ನು ಆ ಭಾರಕ್ಕೆ ತಕ್ಕದ್ದನ್ನಾಗಿ ಆರಿಸಬಹುದು. ತಿರುಗಣೆಯಿಂದ ಬಿಗಿ ಸಡಿಲ ಮಾಡಬಹುದಾದವೂ ಸಿಗುತ್ತವೆ. ಶನಿವಾರ ಸಂಜೆ ಗಾಡಿಯ ಕೆಳಗೆ ತೂರಿ ಅದನ್ನು ತಿರುಗಿಸುವ ಶ್ರದ್ಧೆ ಮನೆಯಲ್ಲಿ ಯಾರಿಗಾದರೂ ಇದೆಯೆ ಎಂಬುದನ್ನು ಮೊದಲೇ ವಿಚಾರಿಸಿಕೊಂಡರೆ ಹಣ ಉಳಿಯುತ್ತದೆ. ವಾರಕ್ಕೆ ನಾಲ್ಕು ದಿನ ಹೆದ್ದಾರಿಯಲ್ಲಿಯೇ ಕಳೆಯುವ ಗಾಡಿಗಾದರೆ ಒಂಟಿ ಕೊಳವೆಯದು ಮೇಲು.

ಉದ್ದದ ವಿಷಯದಲ್ಲಿ ಮಾತ್ರ ಸಡಿಲ ಬೇಡ. ಗಾಡಿಯನ್ನು ಎತ್ತರಿಸದೆ ಉದ್ದನೆಯ ಶಾಕ್ ಹಾಕಿದರೆ ಸ್ಪ್ರಿಂಗಿನ ತಡೆ ತಾಗುವ ಮೊದಲೇ ಶಾಕಿನ ತಳ ತಾಗಿ ಅದು ಒಡೆಯುತ್ತದೆ. ಎತ್ತರಿಸಿ ಹಳೆಯ ಅಳತೆಯದನ್ನೇ ಉಳಿಸಿಕೊಂಡರೆ ಚಕ್ರ ತಗ್ಗಿಗೆ ಇಳಿದಾಗಲೆಲ್ಲ ಅದು ಪೂರ್ತಿ ಎಳೆದು ಕಿತ್ತುಬರುತ್ತದೆ. ನೋಟಕ್ಕೆಂದು ಎತ್ತರಿಸುವವರು 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮನ್ನೂ, ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ಇತ್ತ ತೀರ್ಪನ್ನೂ ನೆನಪಿಡಬೇಕು.

ಎಡಬಲ ಎರಡನ್ನೂ ಒಟ್ಟಿಗೇ ಬದಲಾಯಿಸಬೇಕು. ಒಂದು ಹೊಸದು ಒಂದು ಹಳೆಯದಾದರೆ ಗಾಡಿ ಕುಂಟುತ್ತದೆ. ಮುಂದಿನವುಗಳ ಸುತ್ತ ಸುರುಳಿ ಸ್ಪ್ರಿಂಗು ಅದುಮಿ ಕುಳಿತಿರುವುದರಿಂದ ಅದನ್ನು ಮನೆಯಲ್ಲಿ ಬಿಚ್ಚುವ ಸಾಹಸ ಸಲ್ಲದು. ಜಾರಿದ ಸ್ಪ್ರಿಂಗು ಕೈ ಮುರಿದೀತು. ಜೋಡಿ ಕೊಳವೆಯ ಹೊಸ ಶಾಕನ್ನು ಕೂಡಿಸುವ ಮೊದಲು ನೆಟ್ಟಗೆ ನಿಲ್ಲಿಸಿ ನಾಲ್ಕೈದು ಸಲ ಎಳೆದು ಒತ್ತಿ, ಮಲಗಿಸಿಟ್ಟಿದ್ದಾಗ ಒಳಸೇರಿದ ಗಾಳಿಯನ್ನು ಬಿಡಿಸಬೇಕು. ರಬ್ಬರ್ ಬುಷ್ಷುಗಳ ನಟ್ಟುಗಳನ್ನು ಚಕ್ರಗಳು ನೆಲದ ಮೇಲೆ ಭಾರ ಹೊತ್ತು ನಿಂತಾಗಲೇ ಕೊನೆಯ ಬಿಗಿ ಮಾಡತಕ್ಕದ್ದು. ಜ್ಯಾಕಿನ ಮೇಲೆ ಚಕ್ರ ಜೋಲಾಡುತ್ತಿರುವಾಗ ಬಿಗಿದರೆ ಗಾಡಿ ಇಳಿದೊಡನೆ ರಬ್ಬರು ತಿರುಚಿಕೊಂಡು, ಬೇಗನೆ ಹರಿಯುತ್ತದೆ. ಆಮೇಲೆ ಮುಂದಿನ ಚಕ್ರಗಳ ಅಲೈನ್‌ಮೆಂಟ್ ಮಾಡಿಸಿ, ಕಲ್ಲುದಾರಿಯಲ್ಲಿ ಒಂದು ವಾರ ಓಡಿಸಿದ ಬಳಿಕ, ಅಜ್ಜಿಯನ್ನು ಕೂರಿಸಿಕೊಂಡು ಘಟ್ಟ ಇಳಿಯುವ ಮುನ್ನ, ಎಲ್ಲ ನಟ್ಟುಗಳಿಗೂ ಇನ್ನೊಮ್ಮೆ ಸ್ಪಾನರ್ ಹಾಕಿ ನೋಡುವುದು ಒಳ್ಳೆಯದು.