ಹಳೆಯ ಶೀಟು ಸದಕಾ ಆಗಬಲ್ಲುದೇ?

ಕಳೆದ ರಮಝಾನಿಗೆ ಮುನ್ನ ನಮ್ಮ ಮದ್ರಸದ ಮಾಡನ್ನು ಇಳಿಸಲಾಯಿತು. ಮಳೆ ಬಿಸಿಲಿಗೆ ಕಪ್ಪಿಟ್ಟಿದ್ದ ಸಿಮೆಂಟ್ ಶೀಟುಗಳ ಜಾಗಕ್ಕೆ ಕಾಂಕ್ರೀಟ್ ತಾರಸಿ ಬಂತು. ಒಡೆಯದೆ ಉಳಿದ ಶೀಟುಗಳನ್ನು ಏನು ಮಾಡುವುದೆಂಬ ಪ್ರಶ್ನೆ ಎದ್ದಾಗ ಜಮಾಅತಿನ ಹಿರಿಯರೊಬ್ಬರು, “ಯಾರಾದರೂ ಬಡವರಿಗೆ ಕೊಟ್ಟುಬಿಡೋಣ, ಸವಾಬ್ ಸಿಗುತ್ತದೆ” ಎಂದರು. ಎಲ್ಲರೂ ಒಪ್ಪಿದರು, ನಾನೂ ಒಪ್ಪಿದೆ. ಅವು ಒಬ್ಬ ವಿಧವೆಯ ಅಡುಗೆಕೋಣೆಯ ಮೇಲೆ ಕುಳಿತವು. ಒಡೆದ ಚೂರುಗಳನ್ನು ಮಕ್ಕಳು ಗುಡಿಸಿ ಹೊರಗೆ ಹಾಕಿದರು. ಗುಡಿಸಲು ಹೇಳಿದವನು ನಾನೇ.

ಸಿಮೆಂಟ್ ಶೀಟು ಎಂಬ ಹೆಸರು ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. ಅಂತಹ ಹಳೆಯ ಶೀಟುಗಳಲ್ಲಿ ಸಿಮೆಂಟನ್ನು ಹಿಡಿದಿಡುವುದು ಆಸ್ಬೆಸ್ಟಾಸ್. ಕನ್ನಡದಲ್ಲಿ ಅದಕ್ಕೆ ಕಲ್ನಾರು ಎಂಬ ಚೆಲುವಾದ ಪದವಿದೆ. ಅಪಾಯವೂ ಆ ನಾರಿನಲ್ಲಿಯೇ ಇದೆ. ಶೀಟನ್ನು ಕೊರೆದಾಗ, ಗರಗಸದಿಂದ ಕೊಯ್ದಾಗ, ಒಡೆದಾಗ ಕಣ್ಣಿಗೆ ಕಾಣದ ಎಳೆಗಳು ಗಾಳಿಗೆ ಸೇರುತ್ತವೆ. ಶ್ವಾಸಕೋಶ ಹೊಕ್ಕ ಎಳೆ ಅಲ್ಲಿಯೇ ಉಳಿದು ಆಸ್ಬೆಸ್ಟೋಸಿಸ್, ಶ್ವಾಸಕೋಶದ ಕ್ಯಾನ್ಸರ್, ಮೆಸೊಥೆಲಿಯೋಮಾಗಳಿಗೆ ಕಾರಣವಾಗಬಹುದು. ರೋಗ ತಲೆಯೆತ್ತಲು 20ರಿಂದ 40 ವರ್ಷಗಳು ಬೇಕಾಗುವುದುಂಟು. ಹತ್ತು ವರ್ಷದ ಬಾಲಕ ಇಂದು ಉಸಿರಾಡಿದ್ದರ ಲೆಕ್ಕ ಅವನು ನನ್ನ ವಯಸ್ಸಿಗೆ ಬಂದಾಗ ತಿಳಿಯುತ್ತದೆ. ಆಗ ಯಾರು ಯಾರನ್ನು ಕೇಳುವುದು?

ಬಿಳಿ ಕಲ್ನಾರು ಅಷ್ಟು ಕೆಟ್ಟದ್ದಲ್ಲ, ಸಿಮೆಂಟಿನೊಳಗೆ ಭದ್ರವಾಗಿರುತ್ತದೆ ಎಂಬುದು ಉದ್ಯಮದವರ ವಾದ. ಆದರೆ ಎಲ್ಲ ಬಗೆಯ ಆಸ್ಬೆಸ್ಟಾಸೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ಬ್ರಿಟನ್ 1999ರಲ್ಲಿಯೇ ಬಿಳಿ ಕಲ್ನಾರನ್ನೂ ನಿಷೇಧಿಸಿತು. ಐರೋಪ್ಯ ಒಕ್ಕೂಟದಲ್ಲಿ 2005ರಿಂದ ಅದರ ಬಳಕೆಯಿಲ್ಲ. ನಮ್ಮಲ್ಲಿ 1986ರಿಂದ ಹೊಸ ಗಣಿಗಳಿಗೆ ಪರವಾನಗಿ ನಿಂತಿತು, ಆಮದು ಮಾತ್ರ ನಿಲ್ಲಲಿಲ್ಲ. ನಮ್ಮ ನೆಲದಿಂದ ತೆಗೆಯಬಾರದ ವಸ್ತುವನ್ನು ರಷ್ಯಾದಿಂದ ತರಿಸಿ ಬಡವನ ತಲೆಯ ಮೇಲೆ ಹೊದಿಸುವ ನ್ಯಾಯ ನನಗೆ ಅರ್ಥವಾಗಿಲ್ಲ. 1995ರಲ್ಲಿ ಸುಪ್ರೀಂ ಕೋರ್ಟು ಕಲ್ನಾರು ಕಾರ್ಮಿಕರ ಆರೋಗ್ಯವನ್ನು ಮೂಲಭೂತ ಹಕ್ಕೆಂದು ಎತ್ತಿಹಿಡಿದು, ಅವರ ಆರೋಗ್ಯ ದಾಖಲೆಗಳನ್ನು ದಶಕಗಳ ಕಾಲ ಕಾಪಿಡಲು ಆದೇಶಿಸಿತು. ಕೂಲಿಗೆ ಬಂದು ಮಾಡು ಇಳಿಸುವವನ ದಾಖಲೆಯನ್ನು ಯಾರು ಇಡುತ್ತಾರೆ?

ಶೀಟಿನ ಮನೆಯಲ್ಲಿರುವವರನ್ನು ಹೆದರಿಸುವುದು ನನ್ನ ಉದ್ದೇಶವಲ್ಲ. ಬಿರುಕಿಲ್ಲದ, ಯಾರೂ ಮುಟ್ಟದ ಶೀಟು ಒಮ್ಮೆಲೇ ವಿಷ ಕಾರುವುದಿಲ್ಲ. ತಗಡು ಹೆಚ್ಚು ಕಾಯುತ್ತದೆ, ಹೆಂಚಿಗೆ ಮರ ಬೇಕು, ತಾರಸಿಗೆ ಹಣ ಬೇಕು ಎಂಬುದೂ ನಿಜ. ಆದರೆ ಮಸೀದಿ, ಮದ್ರಸಗಳ ಮಾಡು ಬದಲಿಸುವಾಗಲಾದರೂ ಶೀಟನ್ನು ನೀರಿನಿಂದ ನೆನೆಸಿ, ಬೋಲ್ಟು ಬಿಚ್ಚಿ, ಇಡಿಯಾಗಿ ಇಳಿಸಬಹುದು. ಮೇಲಿನಿಂದ ಎಸೆಯಬಾರದು. ಧೂಳನ್ನು ಒಣಗಿದಂತೆಯೇ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಚೂರುಗಳನ್ನು ದಪ್ಪ ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಅಪಾಯಕಾರಿ ತ್ಯಾಜ್ಯವೆಂದು ತಿಳಿಸಿಯೇ ವಿಲೇವಾರಿಗೆ ಒಪ್ಪಿಸಬೇಕು. ಕೆಲಸದವರಿಗೆ ಮುಖಕ್ಕೆ ಕಟ್ಟಿದ ಟವೆಲು ಸಾಲದು, ಸರಿಯಾದ ಮಾಸ್ಕ್ ಕೊಡಬೇಕು. ಮಕ್ಕಳನ್ನಂತೂ ಹತ್ತಿರ ಬಿಡಲೇಬಾರದು.

ನಾವು ಸ್ವೀಕರಿಸಲು ಹಿಂಜರಿಯುವ ಕಳಪೆ ವಸ್ತುವನ್ನು ದಾನಕ್ಕೆ ಆರಿಸಬಾರದೆಂದು ಅಲ್‌ಬಕರ ಅಧ್ಯಾಯದಲ್ಲಿ ಎಚ್ಚರಿಕೆಯಿದೆ. ಪ್ರತಿವರ್ಷ ಮಕ್ಕಳಿಗೆ ಅದನ್ನು ಕಲಿಸುತ್ತೇನೆ. ಬರುವ ಶುಕ್ರವಾರ ಕಮಿಟಿಯ ಸಭೆಯಿದೆ. ಆ ತಾಯಿಯ ಅಡುಗೆಕೋಣೆಗೆ ಹೆಂಚು ಹೊದಿಸುವ ಖರ್ಚನ್ನು ಮದ್ರಸದ ಕಟ್ಟಡದ ಲೆಕ್ಕಕ್ಕೇ ಸೇರಿಸಬೇಕೆಂದು ಅರ್ಜಿ ಬರೆದುಕೊಟ್ಟಿದ್ದೇನೆ.